‘ನನ್ನ ಮನಸ್ಸಿನಲ್ಲೇ ಬಡತನ ಇದೆಯೇ?’

ಪ್ರಶ್ನೆ: ನನಗೆ 36 ವರ್ಷ. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟೆಂಟ್. ಪಿಎಫ್ ಕಳೆದು ಕೈಗೆ 38 ಸಾವಿರ ಬರುತ್ತದೆ. ಮೂರು ವರ್ಷದಿಂದ ಸಂಬಳ ಏರಿಲ್ಲ, ಕೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯವರದು ಮೊಬೈಲ್ ರಿಪೇರಿ ಅಂಗಡಿ. ಸರಾಸರಿ 22 ಸಾವಿರ ಆಗುತ್ತದೆ, ಆಷಾಢದಲ್ಲಿ 12 ಸಾವಿರಕ್ಕೂ ಇಳಿಯುತ್ತದೆ. ಮಗಳಿಗೆ ಎಂಟು ವರ್ಷ. ಬಾಡಿಗೆ, ಕಿರಾಣಿ, ಶಾಲೆ, ಅತ್ತೆಯವರ ಔಷಧಿ ಎಲ್ಲ ಕಳೆದರೂ ಲೆಕ್ಕದ ಪ್ರಕಾರ ಎಂಟು ಒಂಬತ್ತು ಸಾವಿರ ಉಳಿಯಬೇಕು. ಒಂದು ತಿಂಗಳೂ ಉಳಿದಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ 85 ಸಾವಿರ ಇದೆ, ತಿಂಗಳಿಗೆ ಕನಿಷ್ಠ ಮೊತ್ತ 4,250 ತಪ್ಪದೆ ಕಟ್ಟುತ್ತೇನೆ. ಬಂಗಾರದ ಮೇಲೆ 1.6 ಲಕ್ಷ ಸಾಲ ಇದೆ. ಒಂದು ಲಕ್ಷದ ಚೀಟಿಯಲ್ಲಿ ತಿಂಗಳಿಗೆ ಐದು ಸಾವಿರ ಹಾಕುತ್ತಿದ್ದೇನೆ, ಇನ್ನು ಎಂಟು ಕಂತು ಬಾಕಿ. ಕೊನೆಯವರೆಗೂ ಎತ್ತಬಾರದು ಅಂದುಕೊಂಡಿದ್ದೇನೆ.

ಹೋದ ವರ್ಷ ಗೆಳತಿ ಕರೆದಳೆಂದು ‘ಶ್ರೀಮಂತ ಮನಸ್ಥಿತಿ’ಯ ಮೂರು ದಿನದ ಶಿಬಿರಕ್ಕೆ ಹೋದೆ. ಶುಲ್ಕ 24 ಸಾವಿರವನ್ನು ಕಾರ್ಡಿನಲ್ಲೇ ಕಟ್ಟಿದೆ. ‘ನಮ್ಮಂಥವರಿಗೆ ಅಷ್ಟೆಲ್ಲ ಯಾಕೆ’ ಎಂದು ಅವ್ವ ಹೇಳುತ್ತಿದ್ದ ಮಾತೇ ನನ್ನ ಬಡತನದ ಬೇರು ಎಂದರು. 21 ದಿನ ಕನ್ನಡಿಯ ಮುಂದೆ ಹೇಳಿಕೊಳ್ಳಲು ಸಾಲುಗಳನ್ನು ಕೊಟ್ಟರು. ಗುರಿ ಬರೆದಿಟ್ಟವರು ಮಾತ್ರ ಸಿರಿವಂತರಾದರೆಂದು ಯೇಲ್ ವಿಶ್ವವಿದ್ಯಾಲಯದ ಉದಾಹರಣೆ ಹೇಳಿದರು. ಎಲ್ಲ ಮಾಡಿದೆ, ಏನೂ ಬದಲಾಗಲಿಲ್ಲ. ಕೇಳಿದರೆ ನಿಮ್ಮ ಒಳಗಿನ ತಡೆ ಇನ್ನೂ ಹೋಗಿಲ್ಲ, ಎರಡನೇ ಹಂತಕ್ಕೆ ಬನ್ನಿ ಎನ್ನುತ್ತಾರೆ. ಅದಕ್ಕೆ 1.2 ಲಕ್ಷ, ಐವರನ್ನು ಕರೆತಂದರೆ ಉಚಿತ. ಮೈದುನ ಮಾತ್ರ ಷೇರುಪೇಟೆಯ ಆಪ್ಷನ್ಸ್ ಟ್ರೇಡಿಂಗ್ ಕಲಿತರೆ ಆರು ತಿಂಗಳಲ್ಲಿ ಸಾಲ ತೀರುತ್ತದೆ ಎನ್ನುತ್ತಾನೆ. ನಿಜವಾಗಿ ದೋಷ ನನ್ನ ಮನಸ್ಸಿನದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಗುರುತು ಹಾಕಿಕೊಂಡ ಪದ ‘ತಪ್ಪದೆ’. ಹನ್ನೆರಡು ತಿಂಗಳಿಂದ ಒಂದು ಚೀಟಿ ಕಂತೂ ತಪ್ಪಿಸಿಲ್ಲ, ಕಾರ್ಡಿನ ಕನಿಷ್ಠ ಮೊತ್ತವನ್ನೂ ತಪ್ಪಿಸಿಲ್ಲ. ಶಿಸ್ತಿಲ್ಲದವರು ಹೀಗೆ ಕಟ್ಟುವುದಿಲ್ಲ. ನಿಮ್ಮ ಶಿಸ್ತೆಲ್ಲ ಬೇರೆಯವರು ತಾರೀಖು ಗೊತ್ತುಮಾಡಿದ ಕಡೆ ಖರ್ಚಾಗುತ್ತಿದೆ, ನಿಮಗಾಗಿ ನೀವೇ ಗೊತ್ತುಮಾಡಿಕೊಂಡ ತಾರೀಖು ಒಂದೂ ಇಲ್ಲ. ನನಗೆ ಕಂಡ ದೋಷ ಇಷ್ಟೇ, ಮತ್ತು ಅದನ್ನು ಸರಿಮಾಡಲು ಮನಸ್ಸನ್ನು ಬಿಚ್ಚಿ ನೋಡಬೇಕಿಲ್ಲ.

ಶಿಬಿರದಲ್ಲಿ ಹೇಳಿದ್ದನ್ನು ಒಂದೊಂದಾಗಿ ನೋಡೋಣ. ಎಲ್ಲವೂ ಸುಳ್ಳಲ್ಲ, ಅದೇ ತೊಂದರೆ.

ಯೇಲ್ ಕಥೆ ಕಟ್ಟುಕಥೆ. 1953ರ ಪದವೀಧರರಲ್ಲಿ ಗುರಿ ಬರೆದಿಟ್ಟಿದ್ದ ಶೇಕಡ 3 ಮಂದಿ ಉಳಿದೆಲ್ಲರಿಗಿಂತ ಹೆಚ್ಚು ಗಳಿಸಿದರು ಎಂದು ಜಗತ್ತಿನ ಎಲ್ಲ ಶಿಬಿರಗಳಲ್ಲೂ ಹೇಳುತ್ತಾರೆ. ಅಂಥ ಅಧ್ಯಯನ ನಡೆದೇ ಇಲ್ಲ, ಯೇಲ್‌ನವರು ಹುಡುಕಿದರೂ ಅದರ ದಾಖಲೆ ಸಿಗಲಿಲ್ಲ. 21 ದಿನದ ಲೆಕ್ಕವೂ ಅಂಥದ್ದೇ. ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಮೂರು ವಾರ ಬೇಕು ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತ ‘ಕಡಿಮೆಯೆಂದರೂ’ ಉದುರಿತು, ಮುಖದ ಜಾಗದಲ್ಲಿ ಅಭ್ಯಾಸ ಬಂದು ಕೂತಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಿಜವಾಗಿಯೂ ಅಳೆದು ನೋಡಿದಾಗ ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂಬ ಲೆಕ್ಕ ಸಿಕ್ಕಿತು. 22ನೇ ದಿನ ನಿಮಗೆ ಏನೂ ಆಗಲಿಲ್ಲವೆಂದರೆ ನೀವು ಸೋತಿರಿ ಎಂದಲ್ಲ.

ಕನ್ನಡಿಯ ಮುಂದೆ ಹೇಳಿಕೊಳ್ಳುವುದರ ಬಗ್ಗೆ ನಿಮ್ಮ ಶಿಬಿರದವರು ಹೇಳದ ಒಂದು ವಿಷಯವಿದೆ. ಗಾಬ್ರಿಯೆಲ್ ಒಟ್ಟಿಂಗನ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಒಳ್ಳೆಯ ಕೆಲಸ ಸಿಕ್ಕೇಬಿಟ್ಟಿತೆಂದು ಸವಿಗನಸು ಕಂಡ ಪದವೀಧರರು ಎರಡು ವರ್ಷದ ನಂತರ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಗಳಿಸುತ್ತಿದ್ದರು. ಗುರಿ ತಲುಪಿಯೇಬಿಟ್ಟೆ ಎಂದು ಕಲ್ಪಿಸಿಕೊಂಡಾಗ ಹುರುಪು ಏರುವ ಬದಲು ಇಳಿಯುತ್ತದೆ. ಅವರು ಹೇಳುವ ದಾರಿ ಬೇರೆ: ಬೇಕಾದದ್ದನ್ನು ಕಲ್ಪಿಸಿಕೊಳ್ಳಿ, ಕೂಡಲೇ ಅದಕ್ಕೆ ಅಡ್ಡ ಬರುವುದು ಯಾವುದೆಂದು ಹೆಸರಿಟ್ಟು ಹೇಳಿಕೊಳ್ಳಿ, ಅದು ಎದುರಾದಾಗ ಏನು ಮಾಡುತ್ತೀರೆಂದು ಮೊದಲೇ ಗೊತ್ತುಮಾಡಿ. ಇದರಲ್ಲಿ ರೋಮಾಂಚನ ಇಲ್ಲ. ಬಹುಶಃ ಅದಕ್ಕೇ ಇದಕ್ಕೆ ಯಾರೂ 24 ಸಾವಿರ ಕೊಡುವುದಿಲ್ಲ.

ಅವ್ವನ ಮಾತಿನ ವಿಷಯದಲ್ಲಿ ಮಾತ್ರ ಶಿಬಿರದವರು ಅರ್ಧ ಸರಿ. ಅದಕ್ಕೆ ಮುಂದೆ ಬರುತ್ತೇನೆ. ಆದರೆ ಬಡತನದ ಬೇರು ಆ ಮಾತು ಎನ್ನುವುದು ಕಾರ್ಯಕಾರಣವನ್ನು ತಿರುಗಾಮುರುಗಾ ಮಾಡಿದಂತೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಪಕ್ಕದ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದದ್ದು. ಕಬ್ಬಿನವರಿಗೆ ಹಣ ವರ್ಷಕ್ಕೊಮ್ಮೆ ಬರುತ್ತದೆ, ಮಂಡ್ಯ ಬೆಳಗಾವಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಸೇರಿದ ಮೇಲೆ ಒಮ್ಮೆ ಬುದ್ಧಿಪರೀಕ್ಷೆ ಕೊಟ್ಟರು. ಕೈ ಬರಿದಾಗಿದ್ದಾಗ ಕೆಟ್ಟದಾಗಿ ಮಾಡಿದವರೇ ಹಣ ಬಂದ ಮೇಲೆ ಚೆನ್ನಾಗಿ ಮಾಡಿದರು. ಆಳು ಅದೇ, ತಲೆ ಅದೇ. ಹಣದ ಚಿಂತೆ ತಲೆಯ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಕೂತಿರುತ್ತದೆ. ನಿಮ್ಮ ಕಾರ್ಡಿನ ಖರ್ಚುಗಳ ತಾರೀಖು ನೋಡಿ, ಹೆಚ್ಚಿನವು 22ರಿಂದ 30ರ ನಡುವೆ ಇರುತ್ತವೆ ಎಂಬುದು ನನ್ನ ಊಹೆ. ಆದ್ದರಿಂದ ಸಾಲ, ಚೀಟಿ, ಹೂಡಿಕೆ ಯಾವುದೇ ಇರಲಿ, ಸಂಬಳವಾದ ಮೊದಲ ವಾರದಲ್ಲಿ ಕೂತು ತೀರ್ಮಾನಿಸಿ. ತಿಂಗಳ ಕೊನೆಯಲ್ಲಿ ಯಾರು ಏನು ತಂದರೂ ‘ಐದನೇ ತಾರೀಖಿನ ಮೇಲೆ ಹೇಳ್ತೇನ್ರೀ’ ಎಂದುಬಿಡಿ.

ಇನ್ನು ಎಂಟು ಒಂಬತ್ತು ಸಾವಿರ ಎಲ್ಲಿ ಹೋಗುತ್ತದೆ? ನಾನು 23 ವರ್ಷ ಬ್ಯಾಂಕಿನಲ್ಲಿದ್ದು, ಈಗ ಮನೆ ಲೆಕ್ಕ ನೋಡಿಕೊಡುವವನು. ಉಳಿಯಬೇಕಾದ್ದು ಉಳಿಯದ ಮನೆಗಳಲ್ಲಿ ಹೋಟೆಲು, ಸಿನಿಮಾ, ಆನ್‌ಲೈನ್ ಖರೀದಿಯ ಪಾಲು ಜನ ಅಂದುಕೊಳ್ಳುವಷ್ಟು ದೊಡ್ಡದಿರುವುದಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚುಗಳೇ ದೊಡ್ಡವು: ಶಾಲೆಯ ಶುಲ್ಕ, ದೀಪಾವಳಿ, ಗಾಡಿಯ ವಿಮೆ, ಮೇ ತಿಂಗಳ ಮದುವೆಗಳ ಮುಯ್ಯಿ, ಆಯೇರು. ಅವು ಬರುತ್ತವೆಂದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ಸಲವೂ ಅನಿರೀಕ್ಷಿತ ಅತಿಥಿಯಂತೆ ಬರುತ್ತವೆ, ಕಾರ್ಡಿನ ಮೇಲೆ ಕೂರುತ್ತವೆ. ಹೋದ ವರ್ಷದ ಇಂಥ ಖರ್ಚನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ. ಅಕೌಂಟೆಂಟ್ ಆದ ನಿಮಗೆ ಇದು ಅರ್ಧ ಗಂಟೆಯ ಕೆಲಸ. ಕಾಣೆಯಾದ ಹಣದ ಬಹುಪಾಲು ಅಲ್ಲೇ ಸಿಗುತ್ತದೆ.

ಈಗ ಕಾರ್ಡು. ನಮ್ಮ ಊರುಗಳಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುತ್ತೇವೆ. ‘ಎರಡು ರೂಪಾಯಿ ಬಡ್ಡಿ’ ಎಂದರೆ ಯಾರಿಗಾದರೂ ಎಚ್ಚರವಾಗುತ್ತದೆ. ‘ಮೂರೂವರೆ ರೂಪಾಯಿ ಬಡ್ಡಿ’ ಎಂದರೆ ಮನೆಯ ಹಿರಿಯರು ಹೊಸಿಲು ದಾಟಲು ಬಿಡುವುದಿಲ್ಲ. ಬಹಳಷ್ಟು ಕ್ರೆಡಿಟ್ ಕಾರ್ಡುಗಳ ಬಡ್ಡಿ ಅದೇ ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿದೆ, ವರ್ಷಕ್ಕೆ ಶೇಕಡ 42. ಶೇಕಡಾವಾರು ಎಂದು ಅಚ್ಚಾದ ಕೂಡಲೇ ಅದು ಮರ್ಯಾದಸ್ಥನಂತೆ ಕಾಣುತ್ತದೆ. 85 ಸಾವಿರಕ್ಕೆ ತಿಂಗಳಿಗೆ 2,975 ಬಡ್ಡಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 3,510. ನೀವು ಕಟ್ಟುವ 4,250ರಲ್ಲಿ ಅಸಲಿಗೆ ಹೋಗುವುದು 740 ರೂಪಾಯಿ.

ಇದೇ ಹೊತ್ತಿಗೆ ಚೀಟಿಯಲ್ಲಿ ನಿಮ್ಮದೇ 60 ಸಾವಿರ ಸುಮ್ಮನೆ ಕೂತಿದೆ. ಚೀಟಿಯನ್ನು ಕೊನೆಗೆ ಎತ್ತುವವರೇ ಜಾಣರು ಎಂಬ ಮಾತನ್ನು ನಾನೂ ಕೇಳುತ್ತ ಬೆಳೆದವನು. ಮೇಲೆ ಸಾಲ ಇಲ್ಲದವರಿಗೆ ಅದು ನಿಜ. ನಿಮ್ಮ ಲೆಕ್ಕ ಬೇರೆ. ಈ ತಿಂಗಳ ಚೀಟಿ ಹರಾಜಿನಲ್ಲಿ, ನಡೆಸುವವರ ಕಮಿಷನ್ ಸೇರಿ 12 ಸಾವಿರ ಬಿಟ್ಟು ಕೂಗಿದಿರಿ ಎಂದುಕೊಳ್ಳಿ, ಕೈಗೆ 88 ಸಾವಿರ. ಕೊನೆಯವರೆಗೂ ಕಾದರೆ, ಶೇಕಡ 5 ಕಮಿಷನ್ ಕಳೆದು 95 ಸಾವಿರ. ವ್ಯತ್ಯಾಸ 7 ಸಾವಿರ. ಆ ಏಳು ಸಾವಿರ ಉಳಿಸಲು ಕಾರ್ಡಿಗೆ ಇನ್ನೂ ಎಂಟು ತಿಂಗಳು ತೆರುವ ಬಡ್ಡಿ 27 ಸಾವಿರದಷ್ಟು. ಚೀಟಿ ಎತ್ತಿ, ಕಾರ್ಡು ಪೂರ್ತಿ ತೀರಿಸಿ.

ಅಪಾಯಗಳೂ ಇವೆ. ಎತ್ತಿದ ಮೇಲೂ ಕಂತು ಕಟ್ಟಲೇಬೇಕು, ಜಾಮೀನು ಕೇಳುತ್ತಾರೆ. ಪೈಪೋಟಿಯಲ್ಲಿ 20 ಸಾವಿರದ ಮೇಲೆ ಬಿಡಬೇಕಾಗಿ ಬಂದರೆ ಆ ತಿಂಗಳು ಸುಮ್ಮನಿದ್ದು ಮುಂದಿನ ತಿಂಗಳು ನೋಡಿ. ಎಲ್ಲಕ್ಕಿಂತ ದೊಡ್ಡ ಅಪಾಯ, ಕಾರ್ಡು ಖಾಲಿಯಾದ ಕೂಡಲೇ ಅದು ಮತ್ತೆ ತುಂಬುವುದು. ನನ್ನ ಅನುಭವದಲ್ಲಿ ಹೀಗೆ ಒಂದೇ ಏಟಿಗೆ ತೀರಿಸಿದವರಲ್ಲಿ ಬಹಳ ಮಂದಿ ಎರಡು ವರ್ಷದೊಳಗೆ ಮರಳಿ ಬಂದಿದ್ದಾರೆ. ಮಿತಿಯನ್ನು 15 ಸಾವಿರಕ್ಕೆ ಇಳಿಸಲು ಬ್ಯಾಂಕಿಗೆ ಬರೆದುಕೊಡಿ. ಇನ್ನೊಂದು ವಿಷಯ, ನಿಮ್ಮ ಚೀಟಿ ನೋಂದಣಿ ಆಗಿದೆಯೇ? ಪತ್ರದಲ್ಲಿ ಬರೆದಿಲ್ಲ. 1982ರ ಚೀಟಿ ನಿಧಿ ಕಾಯ್ದೆಯ ಪ್ರಕಾರ ಒಂದು ಲಕ್ಷದ ಚೀಟಿಗೆ ನೋಂದಣಿ ಕಡ್ಡಾಯ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಓಣಿಯ ಪರಿಚಯದ ಮೇಲೆ ನಡೆಯುವ ಚೀಟಿಯಾಗಿದ್ದರೆ ಇಂದೇ ಎತ್ತಲು ಅದು ಎರಡನೇ ಕಾರಣ. ಬಂಗಾರದ ಸಾಲ ಆಮೇಲೆ ನೋಡಬಹುದು, ಅದರ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ. ನವೀಕರಣದ ತಾರೀಖು ಮಾತ್ರ ಮರೆಯಬೇಡಿ, ಹರಾಜಿನ ನೋಟಿಸು ಬರುವವರೆಗೆ ಬಿಟ್ಟರೆ ತವರಿನ ಒಡವೆ ಹೋಗುತ್ತದೆ.

ಕಾರ್ಡು ತೀರಿದರೆ ತಿಂಗಳಿಗೆ 4,250 ಬಿಡುಗಡೆ. ಎಂಟು ತಿಂಗಳ ನಂತರ ಚೀಟಿಯ ಐದು ಸಾವಿರವೂ ಸೇರಿ 9,250. ಅದನ್ನು ಕೈಗೆ ಸಿಗದಂತೆ ಇಡುವುದೇ ಉಳಿದ ಕೆಲಸ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

1925ರಲ್ಲಿ ಉಡುಪಿಯಲ್ಲಿ, ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರುವಾಯಿತು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಟಿ.ಎಂ.ಎ. ಪೈ ಮತ್ತು ಸಂಗಡಿಗರು 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವಾದರೂ ಸರಿ, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಉಳಿಸಿ ಎಂದು ಭಾಷಣ ಮಾಡುವ ಬದಲು ಅವರು ಒಬ್ಬ ಮನುಷ್ಯನನ್ನು ದಿನವೂ ಬಾಗಿಲಿಗೆ ಕಳಿಸಿದರು.

ನಾನು ಗದಗಿನಲ್ಲಿದ್ದಾಗ ಬಸ್ ನಿಲ್ದಾಣದ ಬಳಿ ಹೂ ಮಾರುವ ಹೆಂಗಸೊಬ್ಬರು ವರ್ಷಗಟ್ಟಲೆ ದಿನಕ್ಕೆ ಇಪ್ಪತ್ತು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದರು. ನಮ್ಮ ಶಾಖೆಯಲ್ಲಿ ಶಿಸ್ತಿಗೆ ಅವರೇ ಮಾದರಿ. ಒಂದು ಸಲ ಏಜೆಂಟ್ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ. ಬ್ಯಾಂಕು ಇದ್ದದ್ದು ಅವರ ಬುಟ್ಟಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ. ಆ ಮೂರು ತಿಂಗಳಲ್ಲಿ ಅವರು ಬಂದದ್ದು ಎರಡೇ ಸಲ. ಅವರ ಮನಸ್ಸು ಬದಲಾಗಿರಲಿಲ್ಲ, ವ್ಯಾಪಾರವೂ ಕಡಿಮೆಯಾಗಿರಲಿಲ್ಲ. ಸಂಜೆ ಆರೂವರೆಗೆ ಬರುತ್ತಿದ್ದ ಸೈಕಲ್ಲಿನ ಗಂಟೆ ನಿಂತಿತ್ತು, ಅಷ್ಟೇ. ಏಜೆಂಟ್ ಮರಳಿ ಬಂದ ದಿನದಿಂದ ಇಪ್ಪತ್ತು ರೂಪಾಯಿ ಮತ್ತೆ ಶುರುವಾಯಿತು. ನನ್ನ ಕಥೆಯೂ ಬೇರೆಯಲ್ಲ. ಊರವರಿಗೆಲ್ಲ ತಿಂಗಳ ಕಂತಿನ ಠೇವಣಿಯಾದ ಆರ್‌ಡಿ ಮಾಡಿಸುತ್ತಿದ್ದ ಮ್ಯಾನೇಜರ್ ನಾನು, ನನ್ನ ಆರ್‌ಡಿ ಐದು ಸಲ ನಿಂತುಹೋಗಿತ್ತು. ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟ ಮೇಲೆ ಒಂದು ಕಂತೂ ತಪ್ಪಲಿಲ್ಲ.

ನಿಮ್ಮ ಅಭ್ಯಾಸವನ್ನೂ ಹೀಗೆ ಹೊರಗೆ ಕಟ್ಟಿ. ಸಂಬಳವಾದ ಮರುದಿನ 4,250 ತಾನಾಗಿ ಆರ್‌ಡಿಗೆ ಹೋಗಲಿ, ಅದೂ ಎಟಿಎಂ ಕಾರ್ಡು, ಫೋನ್‌ಪೇ ಇಲ್ಲದ ಬೇರೊಂದು ಬ್ಯಾಂಕಿನಲ್ಲಿ. ಮೂರು ತಿಂಗಳ ಖರ್ಚು, ಅಂದಾಜು ಒಂದೂವರೆ ಲಕ್ಷ, ಕೂಡಲು ಎರಡು ವರ್ಷದ ಹತ್ತಿರ ಬೇಕು. ಬೇಸರದ ಸುದ್ದಿ, ಆದರೆ ಲೆಕ್ಕ ಹಾಗಿದೆ. ಅಲ್ಲಿಯವರೆಗೆ ಷೇರು, ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಕಟ್ಟುವ ಎಸ್‌ಐಪಿ ಮಾತು ಬೇಡ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8 ಸಾವಿರದ ಕೆಳಗೂ ಇಳಿದಿತ್ತು. ಕಾದವರು ಗೆದ್ದರು, ಆಸ್ಪತ್ರೆ ಖರ್ಚಿಗೆ ಅದೇ ತಿಂಗಳು ತೆಗೆಯಬೇಕಾಗಿ ಬಂದವರು ಕಳೆದುಕೊಂಡರು. ಕಾಯುವ ಶಕ್ತಿ ಬರುವುದು ಪಕ್ಕದಲ್ಲಿ ಇಟ್ಟ ಆ ಒಂದೂವರೆ ಲಕ್ಷದಿಂದ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಹತ್ತು ವರ್ಷ ತುಂಬಿದರೆ ತೆರೆಯಲಾಗುವುದಿಲ್ಲ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ ಇರುತ್ತದೆ, ಕೈ ಬಿಡುವಾದ ಮೇಲೆ ಹೆಚ್ಚಿಸಿಕೊಳ್ಳಿ. 2024ರಿಂದ ಇರುವ ಶೇಕಡ 8.2 ಬಡ್ಡಿಯೇ ಮುಂದುವರಿದರೆ, ತಿಂಗಳಿಗೆ ಎರಡು ಸಾವಿರದಂತೆ 15 ವರ್ಷ ಕಟ್ಟಿದ 3.6 ಲಕ್ಷ, 21ನೇ ವರ್ಷಕ್ಕೆ ಸುಮಾರು 11 ಲಕ್ಷವಾಗುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಅಂದಿನ 11 ಲಕ್ಷಕ್ಕೆ ಇಂದಿನ ಬೆಲೆಯೂ ಇರುವುದಿಲ್ಲ. ಕೆಲಸ ಬದಲಾಯಿಸಿದರೆ ಪಿಎಫ್ ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ. 27ನೇ ವಯಸ್ಸಿನಲ್ಲಿ 90 ಸಾವಿರ ಪಿಎಫ್ ತೆಗೆದು ಸೋಫಾ, ಫ್ರಿಜ್ ಕೊಂಡವರನ್ನು ನಾನು ಎಷ್ಟು ಕಂಡಿದ್ದೇನೋ. ಶೇಕಡ 8ರ ಲೆಕ್ಕದಲ್ಲಿ 58ಕ್ಕೆ ಅದೇ ಹಣ ಹತ್ತು ಲಕ್ಷದ ಹತ್ತಿರ ಇರುತ್ತಿತ್ತು.

ಮೈದುನನಿಗೆ ಬೇಸರವಾದರೂ ಹೇಳಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವಂಥ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ಕಳೆದುಕೊಂಡಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ಮೀರಿತ್ತು. ಸಾಲ ತೀರಿಸಲು ಅಲ್ಲಿಗೆ ಹೋದವರು ಇನ್ನೊಂದು ಸಾಲದೊಂದಿಗೆ ನನ್ನ ಮುಂದೆ ಬಂದು ಕೂರುತ್ತಾರೆ.

ಎರಡನೇ ಹಂತಕ್ಕೆ ಹೋಗಬೇಡಿ. ಹಂತ ಎಷ್ಟಿದ್ದರೂ ಫಲ ಬಾರದಿದ್ದರೆ ನಿಮ್ಮ ಮನಸ್ಸೇ ಕಾರಣ ಎನ್ನುವ ಪಾಠವನ್ನು ಯಾರೂ ತಪ್ಪೆಂದು ತೋರಿಸಲಾಗದು, ಅದಕ್ಕೇ ಅದು ಮಾರಾಟವಾಗುತ್ತಲೇ ಇರುತ್ತದೆ. ಐವರನ್ನು ಕರೆತನ್ನಿ ಎಂಬ ಮಾತು ಬಂದಲ್ಲಿ ಇನ್ನೂ ಎಚ್ಚರ. ಜನರನ್ನು ಸೇರಿಸಿದ್ದಕ್ಕೇ ಲಾಭ ಕೊಡುವ ಹಣ ಚಲಾವಣೆ ಯೋಜನೆಗಳನ್ನು 1978ರಲ್ಲೇ ಕಾಯ್ದೆ ಮಾಡಿ ನಿಷೇಧಿಸಲಾಗಿದೆ. ನಿಮ್ಮ ಶಿಬಿರ ಅದರ ಅಡಿ ಬರುತ್ತದೆಯೋ ಇಲ್ಲವೋ ವಕೀಲರು ಹೇಳಬೇಕು. ಆದರೆ ಆ ಐವರೂ ನಿಮ್ಮ ಆಫೀಸಿನವರು, ಬಂಧುಗಳು ಆಗಿರುತ್ತಾರೆ, ಹಣ ಹೋದಮೇಲೆ ಅವರ ಮುಖ ನೋಡಬೇಕಾದವರು ನೀವು. ಕಟ್ಟಿದ 24 ಸಾವಿರದ ಬಗ್ಗೆ: ಆದಾಯ ಖಚಿತ ಎಂದು ಅಚ್ಚುಹಾಕಿ ಕೊಟ್ಟಿದ್ದರೆ ಆ ಕಾಗದ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಾಯಿಮಾತಾಗಿದ್ದರೆ ಹಣ ವಾಪಸು ಬರುವುದು ಕಷ್ಟ.

ಇನ್ನು ಅವ್ವನ ಮಾತು. ‘ನಮ್ಮಂಥವರಿಗೆ ಯಾಕೆ’ ಎಂಬುದು ನಿಮ್ಮನ್ನು ಬಡವರನ್ನಾಗಿ ಮಾಡಿಲ್ಲ, ಬಹುಶಃ ಎಷ್ಟೋ ಮೋಸಗಳಿಂದ ಕಾಪಾಡಿದೆ. ಆದರೆ ಸಂಬಳ ಕೇಳಲು ಬಾಯಿ ಬರದಿರುವ ಕಡೆ ಅದೇ ಮಾತು ಗಂಟಲಲ್ಲಿ ಕೂತಿದೆ. 60 ಸಾವಿರದ ಮನೆಯಲ್ಲಿ ಖರ್ಚು ಹಿಂಡಿ ಹಿಂಡಿ ಎಷ್ಟು ಉಳಿಸಬಹುದು? ಒಂದು ಮಿತಿ ಇದೆ, ನೀವು ಅದರ ಹತ್ತಿರವೇ ಇದ್ದೀರಿ. ಮೂರು ವರ್ಷದಲ್ಲಿ ಬೆಲೆ ಏರಿ ಸಂಬಳ ಏರದಿದ್ದರೆ ನಿಮಗೆ ಸಂಬಳ ಕಡಿತವಾಗಿದೆ ಎಂದೇ ಅರ್ಥ. ಇಲ್ಲಿ ಒಟ್ಟಿಂಗನ್ ಹೇಳಿದ್ದು ಕೆಲಸಕ್ಕೆ ಬರುತ್ತದೆ. ಅಡ್ಡಿ ಯಾವುದು? ಸಾಹೇಬರು ‘ಈ ವರ್ಷ ಕಷ್ಟ ಅದ’ ಎಂದ ಕೂಡಲೇ ನೀವು ‘ಆಯ್ತು ಸರ್’ ಎಂದು ಎದ್ದು ಬರುವುದು. ಹಾಗಾದರೆ ಆ ಗಳಿಗೆಗೇ ಮಾತು ಸಿದ್ಧಮಾಡಿಕೊಳ್ಳಿ: ‘ಹಾಗಾದರೆ ಏಪ್ರಿಲ್‌ಗೆ ಎಷ್ಟು ಆಗಬಹುದು ಸರ್, ಮೇಲ್‌ನಲ್ಲಿ ಹಾಕ್ತೀರಾ?’ ಜೊತೆಗೆ ಒಂದು ಹಾಳೆ ಇರಲಿ, ಮೂರು ವರ್ಷದಲ್ಲಿ ನಿಮ್ಮ ಕೈಗೆ ಬಂದ ಹೊಸ ಕೆಲಸಗಳ ಪಟ್ಟಿ. ಅದೇ ಅನುಭವಕ್ಕೆ ಊರಿನಲ್ಲಿ ಬೇರೆಯವರು ಎಷ್ಟು ಕೊಡುತ್ತಾರೆಂದು ಇಬ್ಬರನ್ನಾದರೂ ಕೇಳಿ ಹೋಗಿ. ಇಲ್ಲವೆಂದರೆ ಇಲ್ಲ, ಕೇಳಿದ್ದಕ್ಕೆ ಕೆಲಸ ಹೋದವರು ನನಗೆ ಕಂಡಿರುವುದು ಬಹಳ ಕಡಿಮೆ.

ಏರಿದರೆ ಎಷ್ಟು ಉಳಿತಾಯಕ್ಕೆ ಎಂಬುದನ್ನು ಏರುವ ಮುಂಚೆಯೇ ಗೊತ್ತುಮಾಡಿ. ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಒಂದು ಕಂಪನಿಯಲ್ಲಿ ನೌಕರರಿಗೆ ‘ಈಗ ಬೇಡ, ಮುಂದಿನ ಸಂಬಳ ಏರಿದಾಗ ಅದರ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಎಂದು ಇಂದೇ ಸಹಿ ಹಾಕಿ’ ಎಂದರು. ಸಹಿ ಹಾಕಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡ 3.5ರಿಂದ 13.6ಕ್ಕೆ ಏರಿತು. ಕೈಗೆ ಬಂದ ಹಣ ಬಿಡುವುದು ಕಷ್ಟ, ಇನ್ನೂ ಬಾರದ ಹಣ ಬಿಡುವುದು ಸುಲಭ.

ಕೊನೆಯದಾಗಿ ನಿಮ್ಮ ಯಜಮಾನರ ಅಂಗಡಿ. ತಿಂಗಳ ಸಂಬಳದವರ ಉಪಾಯ ದಿನದ ಗಲ್ಲಾದವರಿಗೆ ಹೊಂದುವುದಿಲ್ಲ, ಅವರಿಗೆ ಪಿಗ್ಮಿಯೇ ಸರಿ. ದಿನಕ್ಕೆ ನೂರರಿಂದ ಶುರುಮಾಡಲಿ, ಆಷಾಢದಲ್ಲಿ ಐವತ್ತಾದರೂ ಪರವಾಗಿಲ್ಲ. ಈ ಹಣವನ್ನು ಆಯೇರು, ಹಬ್ಬ, ಶಾಲೆಯ ಶುಲ್ಕಕ್ಕೆಂದೇ ಇಡಿ. ಬಡ್ಡಿ ಕಡಿಮೆ, ಅವಧಿಗೆ ಮೊದಲು ತೆಗೆದರೆ ಅದೂ ಕಡಿತವಾಗುತ್ತದೆ. ಯಾರಲ್ಲಿ ಕಟ್ಟುತ್ತೀರಿ ಎಂಬುದು ಅದಕ್ಕಿಂತ ಮುಖ್ಯ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಒಬ್ಬರಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ, ಬೋರ್ಡು ಎರಡಕ್ಕೂ ಒಂದೇ ತರಹ ಇರುತ್ತದೆ. ದಿನವೂ ರಸೀದಿ ಅಥವಾ ಎಸ್‌ಎಂಎಸ್ ಬರಲೇಬೇಕು. ಮತ್ತೆ, ಏಜೆಂಟ್ ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಗಲ್ಲಾದಲ್ಲಿ ಏನೂ ಇರುವುದಿಲ್ಲ, ‘ನಾಳೆ ಬಾರಪ್ಪ’ ಎಂದು ಕಳಿಸುವುದು ಸುಲಭ. ಸಂಜೆ ಏಳರ ಮೇಲೆ ಬರಲು ಹೇಳಿ.